ನೀವು ಆಡಿದ್ದು ಯಾವ ದೇಶದ ಕಾಂಟ್ರಾ?

ತೊಂಬತ್ತರ ದಶಕದಲ್ಲಿ ಬೇಸಿಗೆ ರಜೆ ಕಳೆದ ಹುಡುಗರಲ್ಲಿ ಕಾಂಟ್ರಾ ಎಂಬ ವಿಡಿಯೊ ಗೇಮು ಗೊತ್ತಿಲ್ಲದವರು ಕಡಿಮೆ. ಯಾವ ಕಾಂಟ್ರಾ ಎಂದು ಕೇಳಿದರೆ ಮಾತ್ರ ಹೆಚ್ಚಿನವರು ಕಣ್ಣು ಕಣ್ಣು ಬಿಡುತ್ತಾರೆ. ಕೊನಾಮಿ ಕಂಪನಿ 1988ರಲ್ಲಿ ನಿಂಟೆಂಡೊದ ಜಪಾನಿ ಗೇಮ್ ಯಂತ್ರ ಫ್ಯಾಮಿಕಾಮ್‌ಗೆ ತಂದ ಕಾಂಟ್ರಾದಲ್ಲಿ ಮೊದಲ ಹಂತದ ಕಾಡಿನ ಎಲೆಗಳು ಗಾಳಿಗೆ ಅಲ್ಲಾಡುತ್ತವೆ, ಹಿಮದ ಹಂತದಲ್ಲಿ ಹಿಮ ಸುರಿಯುತ್ತದೆ, ಹಂತಗಳ ನಡುವೆ ನಕ್ಷೆ ಬಂದು ನೀವು ಎಲ್ಲಿಗೆ ಹೊರಟಿದ್ದೀರಿ ಎಂದು ತೋರಿಸುತ್ತದೆ. ಅದೇ ವರ್ಷ ಆ ಯಂತ್ರದ ಅಮೆರಿಕದ ರೂಪವಾದ ಎನ್‌ಇಎಸ್‌ಗೆ ಬಂದದ್ದರಲ್ಲಿ ಇವು ಯಾವುವೂ ಇಲ್ಲ. ಯುರೋಪಿನಲ್ಲಿ ಹೆಸರೇ ಬೇರೆ, ಪ್ರೊಬೊಟೆಕ್ಟರ್. ಅಲ್ಲಿ ಬಂದೂಕು ಹಿಡಿದು ಓಡುವವರು ಮನುಷ್ಯರಲ್ಲ, ರೋಬೋಟ್‌ಗಳು. ಮಕ್ಕಳ ಕೈಗೆ ಹಿಂಸೆಯ ಗೇಮು ಸಿಗಬಾರದೆಂಬ ಜರ್ಮನಿಯ ಕಟ್ಟುನಿಟ್ಟಿಗೆ ಹೆದರಿ ಮಾಡಿದ ವೇಷ ಅದು.

ಇಂಥ ಪ್ರಾದೇಶಿಕ ಆವೃತ್ತಿಗಳನ್ನು ಹುಡುಕುವುದು, ಒಳಗಿನ ಡೇಟಾ ಹೊರತೆಗೆದು ಕಾಪಿಡುವುದು, ರಿಪೇರಿ ಮಾಡಿ ಆಡುವುದು ಬಹಳ ವರ್ಷದಿಂದ ನನ್ನ ಹವ್ಯಾಸ. ಈಗೀಗ ಹಳೆಯ ಕ್ಯಾಸೆಟ್ ಹಿಡಿದುಕೊಂಡು "ಇದನ್ನು ಏನು ಮಾಡಲಿ ಸಾರ್" ಎಂದು ಕೇಳುವ ಹುಡುಗರು ಬರುತ್ತಿದ್ದಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಹೆಸರು ನೋಡಿ ನಂಬಬೇಡಿ

ಸ್ಟಿಕ್ಕರ್ ಮೇಲಿನ ಹೆಸರಿಗಿಂತ ಅದರ ಮೂಲೆಯಲ್ಲಿರುವ ಸಣ್ಣ ಅಕ್ಷರದ ಕೋಡ್ ಮುಖ್ಯ. ಫ್ಯಾಮಿಕಾಮ್ ಸಾಮಾನಿಗೆ ನಿಂಟೆಂಡೊ ಎಚ್‌ವಿಸಿ ಎಂದು ಗುರುತು ಹಾಕುತ್ತಿತ್ತು, ಸೂಪರ್ ಫ್ಯಾಮಿಕಾಮ್‌ಗೆ ಎಸ್‌ಎಚ್‌ವಿಸಿ, ಅಮೆರಿಕದ ಸೂಪರ್ ನಿಂಟೆಂಡೊಗೆ ಎಸ್‌ಎನ್‌ಎಸ್, ಯುರೋಪಿನದಕ್ಕೆ ಎಸ್‌ಎನ್‌ಎಸ್‌ಪಿ. ಕ್ಯಾಸೆಟ್ ಬಿಚ್ಚಿದರೆ ಬೋರ್ಡ್ ಮೇಲೂ ಚಿಪ್ ಮೇಲೂ ಇನ್ನಷ್ಟು ಸಂಖ್ಯೆಗಳು ಸಿಗುತ್ತವೆ. ಅವೆಲ್ಲವನ್ನೂ ಮೊದಲು ಫೋಟೊ ತೆಗೆಯಿರಿ.

ಒಂದೇ ದೇಶದ ಒಂದೇ ಗೇಮಿನೊಳಗೂ ಭೇದಗಳಿರುತ್ತವೆ. ನಿಂಟೆಂಡೊ 64ರ 'ಜೆಲ್ಡಾ: ಒಕರಿನಾ ಆಫ್ ಟೈಮ್' 1.0, 1.1, 1.2 ಎಂದು ಮೂರು ರೂಪಗಳಲ್ಲಿ ಬಂತು. ಮೊದಲ ಎರಡರಲ್ಲಿ ಬೆಂಕಿ ದೇಗುಲದ ಸಂಗೀತದಲ್ಲಿ ಪ್ರಾರ್ಥನೆಯ ದನಿ ಕೇಳುತ್ತದೆ, ಖಳನಾಯಕ ಗ್ಯಾನನ್‌ಡಾರ್ಫನ ರಕ್ತ ಕೆಂಪು. ಮೂರನೆಯದರಲ್ಲಿ ಆ ದನಿ ಮಾಯ, ರಕ್ತ ಹಸಿರು. ಎನ್‌ಇಎಸ್‌ನ ಬಾಕ್ಸಿಂಗ್ ಗೇಮು 'ಮೈಕ್ ಟೈಸನ್ಸ್ ಪಂಚ್ ಔಟ್' 1987ರಲ್ಲಿ ಬಂದು, ಟೈಸನ್ ಜೊತೆಗಿನ ಒಪ್ಪಂದ ಮುಗಿದ ಮೇಲೆ 1990ರಲ್ಲಿ ಮಿಸ್ಟರ್ ಡ್ರೀಮ್ ಎಂಬ ಬೇರೆ ಮುಖ ಅಂಟಿಸಿಕೊಂಡು ಮತ್ತೆ ಬಂತು. "ನನ್ನ ಹತ್ತಿರ ಆ ಗೇಮು ಇದೆಯಲ್ಲ, ಇನ್ನೊಂದು ಯಾಕೆ" ಎನ್ನುವ ಮಾತು ಈ ಕೆಲಸದಲ್ಲಿ ನಡೆಯುವುದಿಲ್ಲ.

2. ವೇಗವೂ ಆವೃತ್ತಿಯೇ

ಜಪಾನ್, ಅಮೆರಿಕದ ಎನ್‌ಟಿಎಸ್‌ಸಿ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತಿತ್ತು. ಯುರೋಪ್, ಆಸ್ಟ್ರೇಲಿಯಾ ಮತ್ತು ನಮ್ಮ ದೇಶದ ಪಾಲ್ ಟಿವಿಗಳು 50 ಸಲ. ಹಳೆಯ ಗೇಮುಗಳ ಗಡಿಯಾರ ಈ ಚಿತ್ರದ ಲೆಕ್ಕವೇ ಆದ್ದರಿಂದ, 60ಕ್ಕೆ ಬರೆದ ಗೇಮನ್ನು ತಿದ್ದದೆ 50ರ ಯಂತ್ರಕ್ಕೆ ಹಾಕಿದರೆ ಆರರಲ್ಲಿ ಒಂದು ಪಾಲು ವೇಗ ಕುಸಿಯುತ್ತದೆ. ಟೋಕಿಯೊದಲ್ಲಿ ಒಂದು ನಿಮಿಷ ಹಿಡಿಯುವ ಆಟ ಲಂಡನ್ನಿನಲ್ಲಿ 72 ಸೆಕೆಂಡು. ಪಾಲ್ ಪರದೆಯಲ್ಲಿ ಗೆರೆಗಳು ಹೆಚ್ಚಿರುವುದರಿಂದ ಮೇಲೆ ಕೆಳಗೆ ಕಪ್ಪು ಪಟ್ಟಿ ಉಳಿದು ಚಿತ್ರ ಚಪ್ಪಟೆಯಾಗುತ್ತದೆ.

ಕೆಲವು ಕಂಪನಿಗಳು ಇದನ್ನು ಸರಿಮಾಡುವ ಶ್ರಮ ತೆಗೆದುಕೊಂಡವು. ಯುರೋಪಿನ 'ಸೂಪರ್ ಮಾರಿಯೊ ಬ್ರದರ್ಸ್'ನಲ್ಲಿ ಮಾರಿಯೊ ಓಡುವ ಲೆಕ್ಕವನ್ನೇ ಬದಲಿಸಲಾಗಿದೆ. ಹಾಗಾಗಿ ಆ ಗೇಮನ್ನು ಅತಿ ಬೇಗ ಮುಗಿಸುವ ಪೈಪೋಟಿ ನಡೆಸುವವರು ಪಾಲ್ ಮಾರಿಯೊದ ದಾಖಲೆಯನ್ನು ಬೇರೆಯಾಗಿಯೇ ಇಡುತ್ತಾರೆ. ಮೊದಲ 'ಸೋನಿಕ್'ನ ಸಂಗೀತ ಯುರೋಪಿನಲ್ಲಿ ಸೆಗಾದ ಯಂತ್ರ ಮೆಗಾ ಡ್ರೈವ್‌ನಲ್ಲಿ ತೂಕಡಿಸುತ್ತದೆ. 'ಸೋನಿಕ್ 2'ರ ಹೊತ್ತಿಗೆ ಸೆಗಾ ಎಚ್ಚೆತ್ತು ಸಂಗೀತದ ಗತಿಯನ್ನಾದರೂ ತಿದ್ದಿತು.

ಹಾಗಾದರೆ ಪಾಲ್ ಆವೃತ್ತಿ ಆಡುವಾಗ, ಕಂಪ್ಯೂಟರಿನಲ್ಲಿ ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್‌ನಲ್ಲಿ 60ಕ್ಕೆ ಏರಿಸಿಕೊಳ್ಳಬಹುದೇ? ಸಂಜೆ ಹೊತ್ತು ಆಡಿ ಮಜಾ ತೆಗೆದುಕೊಳ್ಳುವವರು ಧಾರಾಳವಾಗಿ ಏರಿಸಿಕೊಳ್ಳಲಿ. ದಾಖಲೆಗೆಂದು ವಿಡಿಯೊ ಹಿಡಿಯುವವರು ಮಾತ್ರ 50ನ್ನು 50 ಆಗಿಯೇ ಹಿಡಿಯಬೇಕು. ಯುರೋಪಿನ ಒಂದು ಇಡೀ ತಲೆಮಾರು ಆಡಿದ್ದು ಆ ನಿಧಾನ ಗತಿಯನ್ನೇ.

3. ನಮ್ಮ ಟಿವಿ ಗೇಮಿಗೆ ಮೂರನೆಯದೇ ಒಂದು ಗಡಿಯಾರ

ಈ ಪಾಠಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು, ಯಾಕೆಂದರೆ ಇದು ನಮ್ಮ ಮನೆಯ ವಿಷಯ.

ಭಾರತದಲ್ಲಿ ನಿಂಟೆಂಡೊದ ಎನ್‌ಇಎಸ್ ಸಮುರಾಯ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. 1995ರಲ್ಲಿ ಸೆಗಾ ಯಂತ್ರಗಳನ್ನು ಹಂಚುವ ಹಕ್ಕು ಶಾ ವ್ಯಾಲೇಸ್ ಕಂಪನಿಗೆ ಸಿಕ್ಕಿತು. ಆಗ ಆಮದಿನ ಮೇಲೆ 80 ಪ್ರತಿಶತ ಸುಂಕ. ಬೆಲೆ ಎಲ್ಲಿಗೆ ಮುಟ್ಟಿರಬಹುದೆಂದು ನೀವೇ ಊಹಿಸಿ. ಹಾಗಾಗಿ ಮಧ್ಯಮ ವರ್ಗದ ಮನೆಗಳಿಗೆ ಬಂದದ್ದು ಮೀಡಿಯಾ, ಲಿಟಲ್ ಮಾಸ್ಟರ್, ವಿಜ್ ಕಿಡ್ ಥರದ ಹೆಸರಿನ ಯಂತ್ರಗಳು. ಇವು ಒಳಗೆ ಫ್ಯಾಮಿಕಾಮ್‌ನ ನಕಲು. 60 ಪಿನ್ನಿನ ಕ್ಯಾಸೆಟ್, ಬೀಗ ಹಾಕುವ ಚಿಪ್ ಇಲ್ಲ, ಯಾವ ನಕಲಿ ಕ್ಯಾಸೆಟ್ ತುರುಕಿದರೂ ಓಡುತ್ತದೆ.

ಪಾಲ್ ದೇಶಗಳಿಗೆಂದು ತಯಾರಾದ ಇಂಥ ನಕಲು ಯಂತ್ರಗಳಲ್ಲಿ ತೈವಾನಿನ ಯುಎಂಸಿ ಕಂಪನಿಯ ಚಿಪ್‌ಗಳು ಬಹಳ ಹರಡಿದವು. 1992ರ ಕೊನೆಯಲ್ಲಿ ರಷ್ಯಾದಲ್ಲಿ ಡೆಂಡಿ ಎಂಬ ಹೆಸರಿನ ಯಂತ್ರ ಬಂದು ಮನೆಮಾತಾದ್ದರಿಂದ ಈ ಬಗೆಯನ್ನೇ ಪ್ರಪಂಚದಾದ್ಯಂತ ಡೆಂಡಿ ಎಂದು ಕರೆಯುವ ರೂಢಿ ಇದೆ. ಈ ನಕಲು ಯಂತ್ರ ಮಾಡಿದ ಎಂಜಿನಿಯರ್‌ಗಳ ಜಾಣತನ ನೋಡಿ. ಜಪಾನಿನ ಫ್ಯಾಮಿಕಾಮ್‌ನ ಪ್ರೊಸೆಸರ್ ಓಡುವುದು ಸುಮಾರು 1.79 ಮೆಗಾಹರ್ಟ್ಸ್‌ನಲ್ಲಿ. ನಿಂಟೆಂಡೊ ತಾನೇ ಮಾಡಿದ ಪಾಲ್ ಎನ್‌ಇಎಸ್‌ನದು 1.66. ನಕಲಿನವರು 1.77ಕ್ಕೆ ಇಟ್ಟರು. ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ನಡುವೆ ಪರದೆಯ ಡೇಟಾ ಬದಲಿಸಿಕೊಳ್ಳಲು ಗೇಮಿಗೆ ಸ್ವಲ್ಪ ಬಿಡುವು ಸಿಗುತ್ತದೆ. ಜಪಾನಿನಲ್ಲಿ ಅದು 20 ಗೆರೆಗಳಷ್ಟು ಹೊತ್ತು, ನಿಂಟೆಂಡೊದ ಪಾಲ್ ಯಂತ್ರದಲ್ಲಿ 70. ಈ ಲೆಕ್ಕ ತಪ್ಪಿದರೆ ಕೆಲವು ಗೇಮುಗಳ ಚಿತ್ರ ಕದಡುತ್ತದೆ. ನಕಲಿನವರು ಹೆಚ್ಚುವರಿ ಗೆರೆಗಳನ್ನೆಲ್ಲ ಸುಮ್ಮನೆ ಕಾಯುವ ಹೊತ್ತಾಗಿ ಕಳೆದು, ಗೇಮಿಗೆ ಕಾಣುವ ಬಿಡುವನ್ನು ಹಳೆಯ 20ರಲ್ಲೇ ಉಳಿಸಿದರು. ಜಪಾನಿನ ಗೇಮುಗಳು ನಮ್ಮ ಟಿವಿಯಲ್ಲಿ ಒಡೆಯದೆ ಓಡಿದ್ದಕ್ಕೆ ಇದೇ ಕಾರಣ.

ಪರಿಣಾಮ ಕಿವಿಗೂ ತಿಳಿಯುತ್ತದೆ. ತಿದ್ದದ ಜಪಾನಿ ಗೇಮನ್ನು ಪಾಲ್ ಎನ್‌ಇಎಸ್‌ನಲ್ಲಿ ಹಾಕಿದರೆ ಲಯ ನಿಧಾನವಾಗುವುದರ ಜೊತೆಗೆ ಶ್ರುತಿಯೂ ಅರ್ಧ ಸ್ವರಕ್ಕಿಂತ ಹೆಚ್ಚು ಇಳಿಯುತ್ತದೆ. ಡೆಂಡಿ ಬಗೆಯ ಯಂತ್ರದಲ್ಲಿ ಶ್ರುತಿ ಹೆಚ್ಚುಕಡಿಮೆ ಜಪಾನಿನದೇ, ಲಯ ಮಾತ್ರ ನಿಧಾನ. ಇವುಗಳಲ್ಲಿ ಕೆಲವು ಹಳೆಯ ಚಿಪ್‌ಗಳಲ್ಲಿ ಚೌಕ ಅಲೆಯ ಎರಡು ನಮೂನೆಗಳು ಅದಲುಬದಲಾಗಿದ್ದವು. ಅದರಿಂದ ದನಿಯ ಬಣ್ಣವೇ ಬೇರೆ. ಅಂಥ ಯಂತ್ರದಲ್ಲಿ ಆಡಿ ಬೆಳೆದ ಗೆಳೆಯನೊಬ್ಬನಿಗೆ ಅಸಲಿ ಫ್ಯಾಮಿಕಾಮ್ ಕೇಳಿಸಿದೆ. "ಇದ್ಯಾಕೋ ಓಡಿಸಿಕೊಂಡು ಬಂದ ಹಾಗಿದೆ ಮಾರಾಯ, ನಮ್ಮದು ಹೀಗಿರಲಿಲ್ಲ" ಅಂದ. ಅವನ ಕಿವಿ ಸರಿಯಾಗಿಯೇ ಇತ್ತು.

ಆದ್ದರಿಂದ ಬಾಲ್ಯದಲ್ಲಿ ಆಡಿದ್ದನ್ನು ಹಾಗೆಯೇ ಮತ್ತೆ ಆಡಬೇಕೆನ್ನುವವರು ಮೆಸೆನ್‌ನಂಥ ಎಮ್ಯುಲೇಟರ್‌ನ ಸೆಟ್ಟಿಂಗ್‌ನಲ್ಲಿ ಎನ್‌ಟಿಎಸ್‌ಸಿ, ಪಾಲ್ ಎರಡನ್ನೂ ಬಿಟ್ಟು ಡೆಂಡಿ ಆರಿಸಿಕೊಳ್ಳಿ. ಚೌಕ ಅಲೆ ಅದಲುಬದಲು ಮಾಡುವ ಆಯ್ಕೆಯೂ ಅಲ್ಲೇ ಇದೆ. ಕಾಂಟ್ರಾದಲ್ಲಿ ನಾವು ಅಷ್ಟು ಪ್ರವೀಣರಾಗಿದ್ದದ್ದಕ್ಕೆ ಸೆಕೆಂಡಿಗೆ ಹತ್ತು ಚಿತ್ರದ ರಿಯಾಯಿತಿ ಸ್ವಲ್ಪ ಕಾರಣ ಎಂದು ಹೇಳಿದರೆ ಗೆಳೆಯರು ಸಿಟ್ಟಾಗುತ್ತಾರೆ. ಇರಲಿ.

ಅಂದ ಹಾಗೆ, ನನ್ನ ಕೈಗೆ ಬಂದ ನಕಲಿ ಬಹು-ಗೇಮ್ ಕ್ಯಾಸೆಟ್‌ಗಳಲ್ಲಿ ಕಂಡದ್ದು ಹೆಚ್ಚಾಗಿ ಅಲ್ಲಾಡದ ಎಲೆಯ ಅಮೆರಿಕದ ಕಾಂಟ್ರಾವೇ. ಜಪಾನಿನದರಲ್ಲಿ ಕೊನಾಮಿಯದೇ ವಿಶೇಷ ಚಿಪ್ ಇದೆ, ಅಮೆರಿಕದ್ದು ಸಾದಾ ಬೋರ್ಡ್. ನಕಲು ಮಾಡುವವನು ಸುಲಭದ್ದನ್ನೇ ಹಿಡಿಯುತ್ತಾನೆ. ಹೀಗೆ ಅಮೆರಿಕದ ಗೇಮು, ಜಪಾನಿನ ಆಕಾರದ ಕ್ಯಾಸೆಟ್, ತೈವಾನಿನ ಚಿಪ್, ಭಾರತದ ಟಿವಿ ಎಲ್ಲ ಸೇರಿದ್ದು ನಮ್ಮ ಪ್ರಾದೇಶಿಕ ಆವೃತ್ತಿ.

4. ಕ್ಯಾಸೆಟ್ಟಿನೊಳಗೂ ವಾದ್ಯ ಇರುತ್ತದೆ

1989ರಲ್ಲಿ ಜಪಾನಿನಲ್ಲಿ ಬಂದ 'ಅಕುಮಾಜೊ ಡೆನ್ಸೆತ್ಸು' ಮರುವರ್ಷ ಅಮೆರಿಕಕ್ಕೆ 'ಕ್ಯಾಸಲ್‌ವೇನಿಯಾ 3' ಆಗಿ ಹೋಯಿತು. ಜಪಾನಿನ ಕ್ಯಾಸೆಟ್ಟಿನಲ್ಲಿ ಕೊನಾಮಿಯ ವಿಆರ್‌ಸಿ6 ಚಿಪ್ ಇದೆ. ಅದು ಯಂತ್ರದ ಐದು ದನಿಗಳ ಜೊತೆಗೆ ತನ್ನದೇ ಇನ್ನೂ ಮೂರು ದನಿ ಸೇರಿಸುತ್ತದೆ. ಫ್ಯಾಮಿಕಾಮ್‌ನಲ್ಲಿ ಯಂತ್ರದ ಶಬ್ದ ಕ್ಯಾಸೆಟ್ಟಿನೊಳಗೆ ಹೊಕ್ಕು ಅಲ್ಲಿಯ ದನಿ ಬೆರೆಸಿಕೊಂಡು ಮರಳುತ್ತದೆ. ಎನ್‌ಇಎಸ್‌ನ 72 ಪಿನ್ನಿನಲ್ಲಿ ಆ ದಾರಿ ಇಲ್ಲ. ಅಡಿಯಲ್ಲಿ ಯಾರೂ ಬಳಸದ ಒಂದು ವಿಸ್ತರಣೆಯ ಕಿಂಡಿಗೆ ಅದನ್ನು ತಿರುಗಿಸಿಬಿಟ್ಟಿದ್ದಾರೆ. ಹಾಗಾಗಿ ಅಮೆರಿಕದವರಿಗೆ ಆ ಮೂರು ದನಿಯಿಲ್ಲದ ಸಂಗೀತ ಸಿಕ್ಕಿತು. ಜಪಾನಿನ ಕ್ಯಾಸೆಟ್ಟನ್ನು ಅಡಾಪ್ಟರ್ ಹಾಕಿ ಎನ್‌ಇಎಸ್‌ನಲ್ಲಿ ಓಡಿಸಿ "ಏನೂ ವ್ಯತ್ಯಾಸ ಇಲ್ಲವಲ್ಲ" ಎನ್ನುವವರಿದ್ದಾರೆ. ಆ ಕಿಂಡಿಯ ಬಳಿ ಒಂದು ರೆಸಿಸ್ಟರ್ ಸೇರಿಸಿದರೆ ವ್ಯತ್ಯಾಸ ಕೇಳುತ್ತದೆ.

1986ರ ಫ್ಯಾಮಿಕಾಮ್ ಡಿಸ್ಕ್ ಸಿಸ್ಟಮ್ ಕೂಡ ಹೀಗೇ. ಮೊದಲ 'ಜೆಲ್ಡಾ' ಹುಟ್ಟಿದ್ದು ಆ ಫ್ಲಾಪಿಯಲ್ಲಿ, ಒಂದು ಹೆಚ್ಚುವರಿ ದನಿಯೊಂದಿಗೆ. ಆ ಡ್ರೈವ್ ಕೊಳ್ಳುವ ಮುನ್ನ ತಿಳಿದಿರಲಿ: ಒಳಗಿನ ರಬ್ಬರ್ ಬೆಲ್ಟ್ ಈ ಹೊತ್ತಿಗೆ ಕರಗಿ ಅಂಟಾಗಿರುತ್ತದೆ. ಬೆಲ್ಟ್ ಬದಲಿಸಿದ ಮೇಲೆ ಹೆಡ್ಡಿನ ಜಾಗವನ್ನೂ ಹೊಂದಿಸಬೇಕಾಗುತ್ತದೆ. ತಾಳ್ಮೆ ಇಲ್ಲದವರು ಈ ಸಹವಾಸಕ್ಕೆ ಹೋಗಬಾರದು.

5. ಕರೆಂಟಿನಲ್ಲಿ ಧೈರ್ಯ ಬೇಡ

ಜಪಾನಿನ ಮನೆ ಕರೆಂಟು 100 ವೋಲ್ಟ್, ನಮ್ಮದು 230. ಇಳಿಸುವ ಟ್ರಾನ್ಸ್‌ಫಾರ್ಮರ್ ಇಲ್ಲದೆ ಜಪಾನಿನ ಅಡಾಪ್ಟರನ್ನು ಗೋಡೆಗೆ ಸಿಗಿಸಬೇಡಿ. ಇದಕ್ಕಿಂತ ದೊಡ್ಡ ಅಪಾಯ ಪಿನ್ನಿನದು. ಎನ್‌ಇಎಸ್ ಅಡಾಪ್ಟರ್ ಕೊಡುವುದು 9 ವೋಲ್ಟ್ ಎಸಿ, ಫ್ಯಾಮಿಕಾಮ್‌ಗೆ ಬೇಕಾದದ್ದು 10 ವೋಲ್ಟ್ ಡಿಸಿ, ಅದೂ ನಡುವಿನ ಪಿನ್ ನೆಗೆಟಿವ್. ಪಿನ್ ಒಳಗೆ ಕೂರುತ್ತದೆ ಎಂದ ಮಾತ್ರಕ್ಕೆ ಅಡಾಪ್ಟರ್ ಅದರದ್ದೆಂದು ಅರ್ಥವಲ್ಲ. ಮಲ್ಟಿಮೀಟರ್ ಹಿಡಿದು ನೋಡದೆ ಯಾವುದನ್ನೂ ಸಿಗಿಸಬೇಡಿ.

ಮೊದಲ ಫ್ಯಾಮಿಕಾಮ್‌ನ ಚಿತ್ರ ಹೊರಬರುವುದು ಆಂಟೆನಾ ತಂತಿಯಲ್ಲಿ, ಜಪಾನಿನ 1 ಅಥವಾ 2ನೇ ಚಾನೆಲ್ಲಿನಲ್ಲಿ. ನಮ್ಮಲ್ಲಿ ಆ ಜಾಗದಲ್ಲಿ ಇರುವುದು ಎಫ್‌ಎಂ ರೇಡಿಯೊ. ನಮ್ಮ ಟಿವಿ ಅದನ್ನು ಹಿಡಿಯುವುದಿಲ್ಲ. ಎವಿ ಔಟ್ ಹಾಕಿಸಿಕೊಳ್ಳಿ, ಇಲ್ಲವೇ 1993ರ ಎವಿ ಫ್ಯಾಮಿಕಾಮ್ ಹುಡುಕಿ.

6. ಮೊದಲು ಸೇವ್, ಆಮೇಲೆ ಸ್ಕ್ರೂಡ್ರೈವರ್

ಸೇವ್ ಮಾಡುವ ಹಳೆಯ ಕ್ಯಾಸೆಟ್‌ಗಳಲ್ಲಿ ನಾಣ್ಯದಂಥ ಬ್ಯಾಟರಿ ಇರುತ್ತದೆ. ಅದು ತೀರಿದರೆ, ಅಥವಾ ನೀವು ಬಿಚ್ಚಿ ತೆಗೆದರೆ, ಒಳಗಿನ ಸೇವ್ ಹೋಯಿತು. ಸೆಕೆಂಡ್‌ಹ್ಯಾಂಡ್ ಕ್ಯಾಸೆಟ್ಟಿನಲ್ಲಿ ಯಾರೋ ಮಗು ಇಪ್ಪತ್ತೈದು ವರ್ಷದ ಹಿಂದೆ ತನ್ನ ಹೆಸರಿಟ್ಟು ಸಾಕಿದ ಪೋಕೆಮಾನ್ ಇರಬಹುದು. ಬ್ಯಾಟರಿ ಮುಟ್ಟುವ ಮೊದಲು ಕ್ಯಾಸೆಟ್ ಓದುವ ಸಾಧನವಾದ ಕಾರ್ಟ್ ರೀಡರ್‌ನಲ್ಲಿ ಸೇವ್ ತೆಗೆದಿಟ್ಟುಕೊಳ್ಳಿ. ಪೋಕೆಮಾನ್ ಗೋಲ್ಡ್, ಸಿಲ್ವರ್‌ಗಳಲ್ಲಿ ಗಡಿಯಾರವೂ ಅದೇ ಬ್ಯಾಟರಿಯಲ್ಲಿ ನಡೆಯುವುದರಿಂದ ಅವು ಬೇರೆಯವಕ್ಕಿಂತ ಬೇಗ ಸಾಯುತ್ತವೆ. ಅವಕ್ಕೆ ಮೊದಲ ಸರದಿ.

ಆಮೇಲೆ ಗೇಮಿನ ಡಂಪ್, ಅಂದರೆ ಒಳಗಿನ ಡೇಟಾವನ್ನು ಫೈಲಾಗಿ ಹೊರತೆಗೆಯುವುದು. ಕ್ಯಾಸೆಟ್ಟಿನ ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ. ಊದಬೇಡಿ, ಉಸಿರಿನ ತೇವಕ್ಕೆ ತಾಮ್ರ ಕಿಲುಬು ಹಿಡಿಯುತ್ತದೆ. ಒಮ್ಮೆ ಓದಿಸಿ, ಕ್ಯಾಸೆಟ್ ತೆಗೆದು ಮತ್ತೆ ಹಾಕಿ ಇನ್ನೊಮ್ಮೆ ಓದಿಸಿ. ಎರಡರ ಎಸ್‌ಎಚ್‌ಎ-1 ಹ್ಯಾಷ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಒಂದೇ ಬಂದರೆ ಮಾತ್ರ ನಂಬಿ. ಬಳಿಕ ಕ್ಯಾಸೆಟ್‌ಗಳಿಗೆ ನೋ-ಇಂಟ್ರೊ, ಡಿಸ್ಕ್‌ಗಳಿಗೆ ರೀಡಂಪ್ ಎಂಬ ಪಟ್ಟಿಗಳಿವೆ, ಅವುಗಳ ಜೊತೆ ತಾಳೆ ನೋಡಿ. ತಾಳೆಯಾಗದಿದ್ದರೆ ಬೇಸರ ಬೇಡ. ಒಂದೋ ಪಿನ್ ಕೊಳೆಯಾಗಿದೆ, ಅಥವಾ ಯಾರೂ ದಾಖಲಿಸದ ಆವೃತ್ತಿ ನಿಮ್ಮ ಕೈಯಲ್ಲಿದೆ.

ಎನ್‌ಇಎಸ್ ಫೈಲುಗಳಲ್ಲಿ ಇನ್ನೊಂದು ತೊಡಕು. ಫೈಲಿನ ಮೊದಲ 16 ಬೈಟ್ ಗೇಮಿನದಲ್ಲ, ಎಮ್ಯುಲೇಟರ್‌ಗೆಂದು ಜನ ಸೇರಿಸಿದ ಹೆಡರ್. ಹಳೆಯ ಹೆಡರ್‌ಗಳಲ್ಲಿ ಪ್ರದೇಶದ ಮಾಹಿತಿ ನೆಚ್ಚುವ ಹಾಗಿರುವುದಿಲ್ಲ. ಎನ್‌ಇಎಸ್ 2.0 ಎಂಬ ಹೊಸ ಹೆಡರ್‌ನಲ್ಲಿ ಎನ್‌ಟಿಎಸ್‌ಸಿ, ಪಾಲ್, ಎರಡಕ್ಕೂ ಹೊಂದುವಂಥದು, ಡೆಂಡಿ ಎಂದು ನಾಲ್ಕು ಗುರುತಿಗೆ ಜಾಗವಿದೆ. ನಮ್ಮ ಯಂತ್ರಗಳಿಗೆ ಅಷ್ಟರಮಟ್ಟಿಗೆ ಮಾನ್ಯತೆ ಸಿಕ್ಕಿತು.

7. ಜಪಾನಿನದೇ ಶ್ರೇಷ್ಠ ಎಂಬ ಮಡಿ ಬೇಡ

ಸಂಗ್ರಹಕಾರರಲ್ಲಿ ಈ ಮಡಿ ಬಹಳ. ಕೆಲವು ಕಡೆ ಅದಕ್ಕೆ ಕಾರಣವೂ ಉಂಟು. ಮೆಗಾ ಡ್ರೈವ್‌ನ 'ಕಾಂಟ್ರಾ: ಹಾರ್ಡ್ ಕೋರ್' (1994) ಜಪಾನಿನಲ್ಲಿ ಮೂರು ಪೆಟ್ಟು ತಡೆದುಕೊಳ್ಳುತ್ತದೆ, ಅಮೆರಿಕದಲ್ಲಿ ಒಂದೇ ಪೆಟ್ಟಿಗೆ ಸಾವು. ಅದೇ ವರ್ಷದ 'ಬೇರ್ ನಕಲ್ 3' ಅಮೆರಿಕಕ್ಕೆ 'ಸ್ಟ್ರೀಟ್ಸ್ ಆಫ್ ರೇಜ್ 3' ಆಗಿ ಹೋಗುವಾಗ ನಾಯಕರ ಬಟ್ಟೆಯ ಬಣ್ಣ ಬದಲಾಯಿತು, ಕಥೆ ಬದಲಾಯಿತು, ಆಶ್ ಎಂಬ ಖಳ ಹೊರಬಿದ್ದ, ಕಷ್ಟ ಏರಿತು. 'ಈಸಿ'ಯಲ್ಲಿ ಆಡಿದರೆ ಐದನೇ ಹಂತಕ್ಕೇ ಮುಗಿಸಿ ಮನೆಗೆ ಕಳಿಸುತ್ತದೆ. ಅಮೆರಿಕದಲ್ಲಿ ಗೇಮುಗಳು ಬಾಡಿಗೆಗೆ ಸಿಗುತ್ತಿದ್ದವು. ಒಂದು ವಾರಾಂತ್ಯದಲ್ಲಿ ಮುಗಿದುಹೋದರೆ ಯಾರು ಕೊಳ್ಳುತ್ತಾರೆ ಎಂಬ ಭಯ ಇಂಥ ಹೆಚ್ಚುವರಿ ಕಷ್ಟಕ್ಕೆ ಕಾರಣವೆಂದು ಹೇಳುವುದುಂಟು.

ಆದರೆ 1991ರಲ್ಲಿ 'ಫೈನಲ್ ಫ್ಯಾಂಟಸಿ 4' ಅಮೆರಿಕಕ್ಕೆ 'ಫೈನಲ್ ಫ್ಯಾಂಟಸಿ 2' ಎಂಬ ಸಂಖ್ಯೆ ಹೊತ್ತು ಹೋದಾಗ ಆದದ್ದು ತದ್ವಿರುದ್ಧ, ಅದನ್ನು ಸುಲಭ ಮಾಡಿದರು. 1993ರ 'ಸೋನಿಕ್ ಸಿಡಿ'ಗೆ ಅಮೆರಿಕದಲ್ಲಿ ಪೂರಾ ಬೇರೆ ಸಂಗೀತ ಕೂರಿಸಿದರು. ಎರಡರಲ್ಲಿ ಯಾವುದು ಮೇಲು ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ನನ್ನ ಮತ ಜಪಾನಿನ ಕಡೆ, ಆದರೆ ಅಮೆರಿಕದ್ದನ್ನು ಕೇಳುತ್ತ ಬೆಳೆದವರ ಎದುರು ವಾದಕ್ಕೆ ನಿಲ್ಲುವುದಿಲ್ಲ. ಇನ್ನು ಮೊದಲ 'ಜೆಲ್ಡಾ' ನನಗೆ ಇಷ್ಟ ಅಮೆರಿಕದ ಕ್ಯಾಸೆಟ್ಟಿನಲ್ಲೇ. ದನಿ ಒಂದು ಕಡಿಮೆಯಾದರೂ ಡಿಸ್ಕ್ ತಿರುಗುವುದನ್ನು ಕಾಯುತ್ತ ಕೂರಬೇಕಾಗಿಲ್ಲ.

8. ಪ್ಯಾಚ್ ಬೇರೆ, ಮೂಲ ಬೇರೆ

ಜಪಾನಿನ ಗಡಿ ದಾಟದ ಎಷ್ಟೋ ಗೇಮುಗಳು ಅಭಿಮಾನಿಗಳು ಮಾಡಿದ ಇಂಗ್ಲಿಷ್ ಅನುವಾದದಿಂದಲೇ ಲೋಕಕ್ಕೆ ತಿಳಿದವು. 2006ರ 'ಮದರ್ 3'ರ ಇಂಗ್ಲಿಷ್ ಪ್ಯಾಚ್, ಅಂದರೆ ಮೂಲ ಫೈಲಿಗೆ ಹಚ್ಚುವ ತಿದ್ದುಪಡಿಯ ಫೈಲು, 2008ರಲ್ಲಿ ಬಂತು. ನಿಂಟೆಂಡೊ ಮಾತ್ರ ಇಂದಿಗೂ ಅದನ್ನು ಇಂಗ್ಲಿಷಿನಲ್ಲಿ ತಂದಿಲ್ಲ. ಮೂಲ ಡಂಪನ್ನು ಎಂದೂ ತಿದ್ದಬೇಡಿ. ಅದನ್ನು ಒಂದು ಕಡೆ, ಪ್ಯಾಚ್ ಫೈಲನ್ನು ಇನ್ನೊಂದು ಕಡೆ ಇಟ್ಟು, ಆಡುವುದಕ್ಕೆ ಮೂರನೆಯ ಪ್ರತಿ ಮಾಡಿಕೊಳ್ಳಿ. ಐಪಿಎಸ್ ಎಂಬ ಹಳೆಯ ಬಗೆಯ ಪ್ಯಾಚ್ ನೀವು ಕೊಟ್ಟ ಫೈಲು ಸರಿಯಾದದ್ದೇ ಎಂದು ನೋಡುವುದಿಲ್ಲ, ಯಾವುದಕ್ಕಾದರೂ ಅಂಟಿಕೊಂಡು ಕೆಡಿಸುತ್ತದೆ. ಬಿಪಿಎಸ್ ತಾಳೆ ನೋಡಿ, ತಪ್ಪಿದ್ದರೆ ನಿರಾಕರಿಸುತ್ತದೆ.

ಕನ್ನಡದಲ್ಲಿ ಆದೀತೇ ಎಂದು ಬಹಳ ಜನ ಕೇಳುತ್ತಾರೆ. ಆಗುತ್ತದೆ, ಆದರೆ ಕಷ್ಟ. ಫ್ಯಾಮಿಕಾಮ್ ಪರದೆಯನ್ನು 8 ಅಡ್ಡ 8 ಚುಕ್ಕಿಯ ಬಿಲ್ಲೆಗಳಲ್ಲಿ ಜೋಡಿಸುತ್ತದೆ, ಹಿನ್ನೆಲೆಗೆ ಒಮ್ಮೆಗೆ ಸಿಗುವುದು 256 ಬಿಲ್ಲೆ. ಎಂಟು ಚುಕ್ಕಿ ಎತ್ತರದಲ್ಲಿ ಇಂಗ್ಲಿಷ್ ಅಕ್ಷರ ಆರಾಮವಾಗಿ ಕೂರುತ್ತದೆ. ನಮ್ಮ ತಲೆಕಟ್ಟು, ಗುಣಿತ, ಒತ್ತು ಎಲ್ಲ ಅಲ್ಲಿ ಎಲ್ಲಿ ಹಿಡಿಸಬೇಕು? ದಾರಿ ತೋರಿಸುವವರು ಜಪಾನಿನವರೇ. ಅವರ ಕಾನಾ ಅಕ್ಷರಕ್ಕೆ ಘೋಷ ಬರಿಸಲು ಮೇಲೆ ಎರಡು ಗೀಟು ಹಾಕಬೇಕು. 'ಡ್ರಾಗನ್ ಕ್ವೆಸ್ಟ್'ನಂಥ ಗೇಮುಗಳು ಬಿಲ್ಲೆ ಉಳಿಸಲು ಆ ಗೀಟನ್ನು ಮೇಲಿನ ಸಾಲಿನಲ್ಲಿ ಪ್ರತ್ಯೇಕ ಬಿಲ್ಲೆಯಾಗಿ ಇಟ್ಟವು. ಪ್ರತಿ ಸಾಲಿನ ಮಾತಿಗೂ ಎರಡು ಸಾಲಿನ ಜಾಗ ಮೊದಲೇ ಇದೆ ಎಂದಾಯಿತು. ಜಪಾನಿ ಆವೃತ್ತಿಯನ್ನೇ ಮೂಲವಾಗಿ ಹಿಡಿದು, ಆ ಮೇಲಿನ ಸಾಲನ್ನು ಅಕ್ಷರಕ್ಕೂ ಕೆಳಗಿನದನ್ನು ಒತ್ತಿಗೂ ಕೊಟ್ಟರೆ ಕನ್ನಡ ಉಸಿರಾಡುತ್ತದೆ. ಒಂದು ಸಣ್ಣ ಗೇಮಿನ ಮೆನುವಿಗೆ ನಾನು ಹೀಗೆ ಮಾಡಿ ನೋಡಿದ್ದೇನೆ. 'ಯುದ್ಧ' ಎಂದು ಬರೆದದ್ದು ಓದಲು ಬಂತು. ಒತ್ತಿಗೆ ಜಾಗವೇ ಇಲ್ಲದ ಅಮೆರಿಕದ ಆವೃತ್ತಿಯಿಂದ ಹೊರಟಿದ್ದರೆ ಮಾತು ತೋರಿಸುವ ಪ್ರೋಗ್ರಾಮನ್ನೇ ತಿರುಗಿ ಬರೆಯಬೇಕಿತ್ತು.

9. ಡಂಪಿಗೆ ಸಿಗದ್ದನ್ನು ಬರೆದಿಡಿ

ಫ್ಯಾಮಿಕಾಮ್‌ನ ಎರಡನೇ ಕಂಟ್ರೋಲರ್‌ನಲ್ಲಿ ಒಂದು ಮೈಕ್ ಇತ್ತು. ಜಪಾನಿನ 'ಜೆಲ್ಡಾ'ದಲ್ಲಿ ಮೊಲದ ಕಿವಿಯ ಪೋಲ್ಸ್ ವಾಯ್ಸ್ ಎಂಬ ವೈರಿ ಬಂದಾಗ ಆ ಮೈಕಿಗೆ ಕಿರುಚಿದರೆ ಅದು ಸಾಯುತ್ತದೆ. ಎನ್‌ಇಎಸ್‌ನಲ್ಲಿ ಮೈಕೇ ಇಲ್ಲ. ಆದರೂ ಅಮೆರಿಕದ ಕೈಪಿಡಿ ಈ ಪ್ರಾಣಿಗೆ ಜೋರು ಶಬ್ದ ಆಗದು ಎಂದೇ ಹೇಳಿತು, ಮಕ್ಕಳು ಅರ್ಥವಾಗದೆ ಗೇಮಿನೊಳಗಿನ ಕೊಳಲು ಊದುತ್ತ ಕೂತರು. ಇದು ಯಾವ ಫೈಲಿನಲ್ಲೂ ಇಲ್ಲ. ಕೈಪಿಡಿ, ಕಂಟ್ರೋಲರ್, ಗೇಮು ಮೂರನ್ನೂ ಒಟ್ಟಿಗೆ ನೋಡಿದಾಗಲೇ ತಿಳಿಯುವುದು. 'ಡಕ್ ಹಂಟ್'ನ ಬಂದೂಕು ಎಲ್‌ಸಿಡಿ ಟಿವಿಯ ಎದುರು ಕೆಲಸ ಮಾಡುವುದಿಲ್ಲ ಎಂಬುದೂ ಹೀಗೆ ಬರೆದಿಡಬೇಕಾದ ಸಂಗತಿ. ಹಳೆಯ ದಪ್ಪ ಟಿವಿಯನ್ನು ಗುಜರಿಗೆ ಹಾಕುವ ಮುಂಚೆ ಯೋಚಿಸಿ.

ಎಲ್ಲಕ್ಕಿಂತ ಕಷ್ಟದ್ದು ಸ್ಯಾಟಲಾವ್ಯೂ. 1995ರಿಂದ 2000ದ ಜೂನ್‌ವರೆಗೆ ಜಪಾನಿನಲ್ಲಿ ಸೂಪರ್ ಫ್ಯಾಮಿಕಾಮ್‌ಗೆ ಉಪಗ್ರಹದ ಮೂಲಕ ಗೇಮು ಬರುತ್ತಿತ್ತು. 'ಬಿಎಸ್ ಜೆಲ್ಡಾ' ಆಡಬೇಕಾದರೆ ಗೊತ್ತುಮಾಡಿದ ಹೊತ್ತಿಗೆ ಕೂರಬೇಕಿತ್ತು, ನಟರ ದನಿ ಗೇಮಿನ ಜೊತೆಗೇ ಪ್ರಸಾರವಾಗುತ್ತಿತ್ತು. ಗೇಮಿನ ಡೇಟಾ ಕೆಲವರ ಮೆಮೊರಿ ಪ್ಯಾಕಿನಲ್ಲಿ ಉಳಿಯಿತು. ದನಿ ಯಾವ ಪ್ಯಾಕಿನಲ್ಲೂ ಇಲ್ಲ. ಅದರಲ್ಲಿ ಇಂದು ಸಿಗುವುದು ಅಂದು ಆಡುತ್ತಲೇ ವಿಎಚ್‌ಎಸ್ ಟೇಪಿಗೆ ರೆಕಾರ್ಡ್ ಮಾಡಿಕೊಂಡವರ ಪುಣ್ಯ.

10. ಕಾನೂನು

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಎಎ) ಕಲಮಿನ ಪ್ರಕಾರ, ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವನು ಅದು ಹಾಳಾದೀತೆಂಬ ಎಚ್ಚರಿಕೆಗೆ ಬ್ಯಾಕಪ್ ಮಾಡಿಕೊಳ್ಳಬಹುದು. ಹಂಚಲು ಅದು ಪರವಾನಗಿಯಲ್ಲ. ಇನ್ನೊಂದು ಕಡೆಯ ಸತ್ಯವನ್ನೂ ಹೇಳಬೇಕು. ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿದಂತೆ ಅಮೆರಿಕದಲ್ಲಿ ಬಂದ ಹಳೆಯ ಗೇಮುಗಳಲ್ಲಿ 87 ಪ್ರತಿಶತ ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಗ್ರಂಥಾಲಯಗಳು ಇವನ್ನು ಸಂಶೋಧಕರಿಗೆ ದೂರದಿಂದ ಒದಗಿಸಲು ಅನುಮತಿ ಕೇಳಿದಾಗ ಅಲ್ಲಿಯ ಕಾಪಿರೈಟ್ ಆಫೀಸು 2024ರಲ್ಲಿ ಒಪ್ಪಲಿಲ್ಲ. ಈ ನಿರಾಕರಣೆ ನನಗೆ ಸರಿ ಕಂಡಿಲ್ಲ, ಆದರೂ ನಾನು ಡಂಪ್ ಮಾಡಿದ್ದನ್ನು ಯಾರಿಗೂ ಕಳಿಸುವುದಿಲ್ಲ. ಹ್ಯಾಷ್, ಫೋಟೊ, ಸ್ಕ್ಯಾನ್ ಕೇಳಿದವರಿಗೆ ಕೊಡುತ್ತೇನೆ.

11. ಅಟ್ಟದ ಮೇಲೆ ನೋಡಿ

ಬ್ರೆಜಿಲ್‌ನಲ್ಲಿ ಟೆಕ್‌ಟಾಯ್ ಕಂಪನಿ ಸೆಗಾದ 'ವಂಡರ್ ಬಾಯ್' ಸರಣಿಯ ಒಂದು ಗೇಮನ್ನು ತೆಗೆದುಕೊಂಡು, ಅಲ್ಲಿಯ ಕಾಮಿಕ್ಸಿನ ಹುಡುಗಿ ಮೋನಿಕಾಳನ್ನು ನಾಯಕಿ ಮಾಡಿ 1991ರಲ್ಲಿ ಪೋರ್ಚುಗೀಸಿನಲ್ಲಿ ಹೊರತಂದಿತು. ಕೊರಿಯಾದಲ್ಲಿ ಸ್ಯಾಮ್ಸಂಗ್ ಸೆಗಾ ಯಂತ್ರಗಳನ್ನೂ ಹ್ಯುಂಡೈ ನಿಂಟೆಂಡೊ ಯಂತ್ರಗಳನ್ನೂ ತಮ್ಮ ಹೆಸರಿನಲ್ಲಿ ಮಾರಿದವು. ಇವೆಲ್ಲ ಅಲ್ಲಿಯ ಹವ್ಯಾಸಿಗಳ ಶ್ರಮದಿಂದ ಪೆಟ್ಟಿಗೆ, ಕೈಪಿಡಿ ಸಮೇತ ದಾಖಲಾಗಿವೆ. ನಮ್ಮವು ಅಷ್ಟಾಗಿ ಆಗಿಲ್ಲ. 2009ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಹೈದರಾಬಾದಿನ ಕಂಪನಿ ಮಾಡಿದ 'ಹನುಮಾನ್: ಬಾಯ್ ವಾರಿಯರ್' ಬಂತು, ಅದೇ ವರ್ಷ 'ದೇಸಿ ಅಡ್ಡಾ' ಬಂತು. ಮೊನ್ನೆ ಮೊನ್ನೆಯವು, ಈಗಲೇ ಪೆಟ್ಟಿಗೆ ಸಮೇತ ಸಿಗುವುದು ಕಷ್ಟ.

ಅದಕ್ಕಿಂತ ಹಿಂದಿನದು ಇನ್ನೂ ಕಷ್ಟ. ಲಿಟಲ್ ಮಾಸ್ಟರ್, ಮೀಡಿಯಾ, ಸಮುರಾಯ್ ಪೆಟ್ಟಿಗೆ ಮನೆಯಲ್ಲಿದ್ದರೆ ಯಂತ್ರ ಓಡದಿದ್ದರೂ ಎಸೆಯಬೇಡಿ. ಗ್ಯಾರಂಟಿ ಕಾರ್ಡು, ಅಂಗಡಿ ಬಿಲ್ಲು, ಹಿಂಬದಿಯ ಸ್ಟಿಕ್ಕರ್ ಇವು ಯಂತ್ರಕ್ಕಿಂತ ಅಪರೂಪ. ಕಾಗದಗಳನ್ನು 600 ಡಿಪಿಐನಲ್ಲಿ, ಬಣ್ಣ ತಿದ್ದದೆ ಸ್ಕ್ಯಾನ್ ಮಾಡಿ. ಬೋರ್ಡಿನ ಎರಡೂ ಮುಖದ ಫೋಟೊ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. '9999 ಇನ್ 1' ಕ್ಯಾಸೆಟ್ ಇದ್ದರೆ ಮೆನುವಿನ ಒಂದೊಂದು ಪುಟವನ್ನೂ ಹಿಡಿದಿಡಿ. ಅಸಲಿ ಗೇಮುಗಳು ಅದರಲ್ಲಿ ಬೆರಳೆಣಿಕೆಯಷ್ಟೇ, ಉಳಿದದ್ದು ಅವೇ ಗೇಮು ಬೇರೆ ಹಂತದಿಂದ, ಬೇರೆ ಹೆಸರಿನಿಂದ. ಆ ಹೆಸರುಗಳ ಪಟ್ಟಿಯೇ ಮುಂದೆ ಯಾವ ಕ್ಯಾಸೆಟ್ ಯಾವ ಕಾರ್ಖಾನೆಯ ಸಂತಾನ ಎಂದು ಹೇಳುವ ಸುಳಿವು. ಕರಾವಳಿ, ಮಲೆನಾಡಿನವರು ಇದನ್ನು ಮಳೆಗಾಲಕ್ಕೆ ಮುಂಚೆ ಮಾಡಿ ಮುಗಿಸಿ, ಎಲ್ಲವನ್ನೂ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಗೆ ಹಾಕಿಡಿ.